ಡೊಳ್ಳು ಹೊಟ್ಟೆ, ಒಣಗಿದ ಬೆನ್ನು: ಉರುಳಿ ಕಾಂಚನ ಹತ್ತಿರದ ಐದು ಕರುಗಳ ಪ್ರಕರಣ

ನವೆಂಬರ್ ಮೂರನೇ ವಾರ, ಬೆಳಿಗ್ಗೆ ಏಳು ಗಂಟೆ. "ಸಾಹೇಬ್ರ, ಇನ್ನೊಂದು ಕರ ಹೋತ್ರಿ" ಎಂದು ಕಾಕಾ ಫೋನ್ ಮಾಡಿದರು. ಒಂದು ವರ್ಷದಲ್ಲಿ ಅವರ ಕೊಟ್ಟಿಗೆಯಲ್ಲಿ ಸತ್ತ ಮೂರನೇ ಕರು ಅದು. ಮಣ್ಣು ಮಾಡಬೇಡಿ, ನಾನು ಬರುವವರೆಗೆ ನೆರಳಿನಲ್ಲಿ ಇಡಿ ಎಂದು ಹೇಳಿ ಹೊರಟೆ.

ಕಾಕಾನ ಮನೆಯವರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನವರು. ಕಬ್ಬು ಕಡಿಯಲು ಬಂದವರು ಇಲ್ಲೇ ನೆಲೆ ನಿಂತರು. ಪುಣೆ-ಸೋಲಾಪುರ ರಸ್ತೆಯಿಂದ ಸ್ವಲ್ಪ ಒಳಗೆ, ಉರುಳಿ ಕಾಂಚನ ಹತ್ತಿರ, ಬಾಡಿಗೆ ಜಾಗದಲ್ಲಿ ತಗಡಿನ ಕೊಟ್ಟಿಗೆ. ಹನ್ನೆರಡು ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್) ಕ್ರಾಸ್ ಆಕಳು, ಒಂಬತ್ತು ಹಾಲು ಕೊಡುತ್ತಿವೆ. ಇದು ಹೈನಿಗೆ ಹೆಸರಾದ ಸೀಮೆ. ಮಣಿಭಾಯಿ ದೇಸಾಯಿಯವರು 1967ರಲ್ಲಿ ದನಗಳ ತಳಿ ಸುಧಾರಣೆಯಲ್ಲಿ ಕೆಲಸ ಮಾಡುವ ಬೈಫ್ ಸಂಸ್ಥೆ ಕಟ್ಟಿದ್ದು ಇದೇ ಊರಿನಲ್ಲಿ. ಆಕಳಿಗೆ ಏನು ಹಾಕಬೇಕು ಅನ್ನೋದು ಇಲ್ಲಿ ಎಲ್ಲರಿಗೂ ಗೊತ್ತು. ಕರುವಿಗೆ ಏನು ಹಾಕಬೇಕು ಎಂದು ಕೇಳಿದರೆ ಮಾತ್ರ ಮನೆಗೊಂದು ಉತ್ತರ. ನಾನು ಬೀದರ್‌ನಲ್ಲಿ ಪಶುವೈದ್ಯ ಓದಿ ಹನ್ನೊಂದು ವರ್ಷದಿಂದ ಈ ಭಾಗದಲ್ಲಿ ಓಡಾಡುತ್ತಿದ್ದೇನೆ. ಜಾಸ್ತಿ ಫೋನ್ ಬರೋದು ಕೆಚ್ಚಲು ಬಾವು, ಬೆದೆ, ಜ್ವರಕ್ಕೆ. ಕರು ಸೊರಗಿದೆ ಅಂತ ಯಾರೂ ಕರೆಯುವುದಿಲ್ಲ. ಸತ್ತ ಮೇಲೆ ಕರೆಯುತ್ತಾರೆ.

ಕೊಟ್ಟಿಗೆಯ ಮೂಲೆಯಲ್ಲಿ ಇನ್ನೂ ನಾಲ್ಕು ಕರುಗಳಿದ್ದವು. ಮೂರು ಹೆಣ್ಣು, ಒಂದು ಗಂಡು. ಹಿಂದಿನಿಂದ ನೋಡಿದರೆ ಹೊಟ್ಟೆ ಎರಡೂ ಕಡೆ ಡೊಳ್ಳಿನ ಹಾಗೆ ಉಬ್ಬಿತ್ತು. ಮೇಲಿನಿಂದ ನೋಡಿದರೆ ಬೆನ್ನುಮೂಳೆಯ ಗಂಟುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಕೂದಲು ಒರಟು, ಬಾಲಕ್ಕೆ ಒಣಗಿದ ಭೇದಿ. "ಹೊಟ್ಟಿ ತುಂಬ ತಿಂತಾವ್ರಿ, ಆದ್ರ ಮೈ ಹಿಡಿಯೂದಿಲ್ಲ" ಎಂದರು ಕಾಕಾ. ಅವರು ಕಂಡದ್ದನ್ನೇ ಹೇಳಿದ್ದರು. ಆ ಮಾತನ್ನು ನಾನು ಟಿಪ್ಪಣಿ ಪುಸ್ತಕದ ಮೊದಲ ಸಾಲಿನಲ್ಲಿ ಬರೆದುಕೊಂಡೆ.

ಏನು ಹಾಕುತ್ತಿದ್ದರು

ಕರುಗಳ ಕೆಲಸ ಮನೆಯ ಸೊಸೆಯದ್ದು. ನಾನು ಅವರನ್ನು ವೈನಿ ಅಂತಲೇ ಕರೆಯುವುದು. ಅವರ ಜೊತೆ ಕೂತು ಒಂದು ದಿನದ ಲೆಕ್ಕ ಬರೆದೆ.

ಬೆಳಿಗ್ಗೆ ಒಂದು ಲೀಟರ್ ಹಾಲು, ಸಂಜೆ ಒಂದು ಲೀಟರ್. ಉಳಿದದ್ದು ಡೈರಿಗೆ. ಮಧ್ಯಾಹ್ನ ಜೋಳದ ನುಚ್ಚಿನ ಗಂಜಿಗೆ ಒಂದು ಹಿಡಿ ಬೆಲ್ಲ ಹಾಕಿ, ಬಾಯಿ ಎತ್ತಿ ಹಿಡಿದು ಗೊಟ್ಟದಿಂದ, ಅಂದರೆ ಗಂಟಲಿಗೆ ಸುರಿಯುವ ಕೊಳವೆಯಿಂದ ಕುಡಿಸುವುದು. ಇದು ಹುಟ್ಟಿದ ವಾರದಿಂದಲೇ ಶುರು. ಎರಡನೇ ವಾರದಿಂದ ಮುಂದೆ ಕಣಿಕೆ, ಅಂದರೆ ಜೋಳದ ಒಣ ದಂಟು ಕಟ್ಟಿ ಇಡುತ್ತಿದ್ದರು. ಕಬ್ಬಿನ ಸುಗ್ಗಿಯಲ್ಲಿ ಕಬ್ಬಿನ ಸೋಗೆಯನ್ನೂ ಹಾಕುತ್ತಿದ್ದರು. ಎರಡು ತಿಂಗಳಾದ ಕರುಗಳಿಗೆ ಆಕಳ ಹತ್ತಿಕಾಳಿನ ಹಿಂಡಿಯಲ್ಲಿ ಒಂದು ಬೊಗಸೆ. ಬೇರೆ ನೀರು ಇಲ್ಲ. "ಹಾಲಿನ್ಯಾಗ ನೀರ ಇರ್ತೈತಲ್ರಿ" ಎಂದರು ವೈನಿ.

ಗಿಣ್ಣದ ಬಗ್ಗೆ ಕೇಳಿದೆ. ಮೊದಲ ದಿನದ ಗಿಣ್ಣ ದಪ್ಪ, ಕರುವಿಗೆ ಜೀರ್ಣ ಆಗಲ್ಲ ಅಂತ ಅರ್ಧ ಲೀಟರ್ ಮಾತ್ರ ಕುಡಿಸಿ, ಉಳಿದದ್ದನ್ನು ಅಕ್ಕಪಕ್ಕದವರಿಗೆ ಖರ್ವಸಕ್ಕೆ, ಅಂದರೆ ಗಿಣ್ಣದ ಸಿಹಿ ಮಾಡಲು ಕೊಡುತ್ತಿದ್ದರು.

ಇದರಲ್ಲಿ ಯಾವುದೂ ಅಸಡ್ಡೆಯಿಂದ ಮಾಡಿದ್ದಲ್ಲ. ಗಂಜಿ ಕಾಯಿಸುವುದು, ಬೆಲ್ಲ ಕರಗಿಸುವುದು, ಆರಿಸಿ ಕುಡಿಸುವುದು, ದಿನಕ್ಕೆ ಒಂದು ತಾಸಿನ ಕೆಲಸ ಅದು. ಕಾಕಾನ ತಾಯಿ, ಎಲ್ಲರೂ ಆಯಿ ಅನ್ನುವವರು, ಇಂಡಿಯಲ್ಲಿ ಜವಾರಿ ಆಕಳ ಕರುಗಳನ್ನು ಹೀಗೇ ಸಾಕಿದವರು. ಆದರೆ ಅಲ್ಲಿ ಕರು ದಿನವೆಲ್ಲ ತಾಯಿಯ ಹತ್ತಿರ ಇರುತ್ತಿತ್ತು. ಕದ್ದು ಮುಚ್ಚಿ ನಾಲ್ಕು ಸಲ ಮೊಲೆ ಹಾಕುತ್ತಿತ್ತು. ಗಂಜಿ ಮೇಲಿನದ್ದು. ಇಲ್ಲಿ ಹುಟ್ಟಿದ ದಿನವೇ ಕರುವನ್ನು ಬೇರೆ ಕಟ್ಟುತ್ತಾರೆ. ಆ ಕದ್ದ ಹಾಲು ಲೆಕ್ಕದಿಂದ ಹೋಯಿತು, ಗಂಜಿ ಮಾತ್ರ ಉಳಿಯಿತು.

ಸತ್ತ ಕರುವಿನ ಹೊಟ್ಟೆ

ಅರವತ್ತೈದು ದಿನದ ಹೆಣ್ಣು ಕರು. ಎಂಟು ದಿನದಿಂದ ಭೇದಿಯಾಗುತ್ತಿತ್ತು. ಕಣ್ಣು ಗುಳಿ ಬಿದ್ದಿದ್ದವು, ಚರ್ಮ ಹಿಡಿದೆತ್ತಿದರೆ ಎತ್ತಿದ ಹಾಗೇ ನಿಲ್ಲುತ್ತಿತ್ತು. ಮೈಯಲ್ಲಿ ನೀರಿಲ್ಲದೆ ಸತ್ತದ್ದು ಸ್ಪಷ್ಟ. ಆದರೆ ಅದಕ್ಕೂ ಮುಂಚೆ ವಾರಗಟ್ಟಲೆ ಏನಾಗಿತ್ತು ಎಂಬುದು ಹೊಟ್ಟೆ ಸೀಳಿದ ಮೇಲೆ ತಿಳಿಯಿತು. ಕಾಕಾನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡೆ. ಅವರು ನೋಡಬೇಕು ಅಂತಲೇ.

ಮೊದಲ ಹೊಟ್ಟೆ, ಅಂದರೆ ರೂಮೆನ್, ಚೀಲದ ಹಾಗೆ ಜೋತು ಬಿದ್ದಿತ್ತು. ಕೊಯ್ದಾಗ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಕಣಿಕೆಯ ಉದ್ದುದ್ದ ಚೂರುಗಳು, ತಿಂದಾಗ ಹೇಗಿದ್ದವೋ ಹಾಗೇ, ಕೈಯಲ್ಲಿ ಹಿಂಡಿದರೆ ಒಣ ಮುದ್ದೆ. ಅದರ ಕೆಳಗೆ ಬಿಳಿ ಮೊಸರಿನಂಥ ಗಡ್ಡೆಗಳು, ಕೊಳೆತ ಗಂಜಿ, ಎರಡು ಹಿಡಿ ಮಣ್ಣು. ಎಲ್ಲ ತೆಗೆದು ಬಕೆಟ್ ನೀರಿನಲ್ಲಿ ತೊಳೆದೆ. ಗೋಡೆ ತೆಳ್ಳಗೆ, ನುಣ್ಣಗೆ, ಬೋಳಾಗಿತ್ತು. ಬಿಸಿಲಿಗೆ ಹಿಡಿದರೆ ಬೆರಳು ಆಚೆ ಕಾಣುತ್ತಿತ್ತು.

"ಕಾಕಾ, ಬೋಟಿ ತಿಂದೀರಲ್ಲ, ಅದರ ಒಳಮೈ ಹೆಂಗ ಇರ್ತೈತಿ?" ಎಂದು ಕೇಳಿದೆ. "ಟರ್ಕಿ ಟವೆಲ್ ಇದ್ದಂಗ" ಎಂದರು. ಆಮೇಲೆ ತಾವೇ ಕೈ ಹಾಕಿ ಕರುವಿನ ರೂಮೆನ್ ಗೋಡೆಯನ್ನು ಹೆಬ್ಬೆರಳಿನಿಂದ ಸವರಿದರು. ಬಹಳ ಹೊತ್ತು ಮಾತಾಡಲಿಲ್ಲ.

ಆ ಟವೆಲ್ಲಿನ ಕುಚ್ಚುಗಳಿಗೆ ಪ್ಯಾಪಿಲ್ಲೆ ಅನ್ನುತ್ತಾರೆ. ದನ ತಿಂದ ಮೇವು ರೂಮೆನ್‌ನಲ್ಲಿ ಹುದುಗಿ ಆಮ್ಲಗಳಾಗುತ್ತದೆ. ಆ ಆಮ್ಲಗಳೇ ದನಕ್ಕೆ ಶಕ್ತಿ. ಅದನ್ನು ಹೀರಿ ರಕ್ತಕ್ಕೆ ಸೇರಿಸುವುದು ಈ ಕುಚ್ಚುಗಳು. ಕುಚ್ಚು ಇಲ್ಲದ ರೂಮೆನ್‌ಗೆ ಎಷ್ಟು ಮೇವು ತುಂಬಿದರೂ ಅದು ಚೀಲದಲ್ಲಿ ಬಿದ್ದಿರುತ್ತದೆ, ಮೈಗೆ ಹತ್ತುವುದಿಲ್ಲ. ಕಾಕಾ ಹೇಳಿದ್ದ "ಹೊಟ್ಟಿ ತುಂಬ ತಿಂತಾವ, ಮೈ ಹಿಡಿಯೂದಿಲ್ಲ" ಎಂಬ ಮಾತಿನ ಅರ್ಥ ಅಲ್ಲಿ ಬಕೆಟ್ಟಿನ ಪಕ್ಕ ಬಿಚ್ಚಿ ಬಿದ್ದಿತ್ತು.

ಕರುವಿನ ಹೊಟ್ಟೆ ಹೇಗೆ ಬೆಳೆಯುತ್ತದೆ

ದನಕ್ಕೆ ಹೊಟ್ಟೆಯಲ್ಲಿ ನಾಲ್ಕು ಭಾಗ. ಹುಟ್ಟಿದ ಕರುವಿನಲ್ಲಿ ದೊಡ್ಡದು ನಾಲ್ಕನೆಯದು. ಅದೊಂದೇ ಸುಮಾರು ಅರ್ಧ ಜಾಗ ಹಿಡಿದಿರುತ್ತದೆ. ಬೆಳೆದ ಆಕಳಲ್ಲಿ ಇದು ಪೂರ್ತಿ ತಿರುವು ಮುರುವು. ಅಲ್ಲಿ ರೂಮೆನ್ನಿನದ್ದೇ ಸುಮಾರು 80 ಭಾಗ, ನಾಲ್ಕನೆಯದು ನೂರಕ್ಕೆ ಏಳೆಂಟು ಭಾಗ ಅಷ್ಟೇ. ಅಂದರೆ ಕರು ಹುಟ್ಟುವಾಗ ನಮ್ಮ ಹಾಗೆ ಒಂದೇ ಹೊಟ್ಟೆಯ ಜೀವ. ಅದನ್ನು ದನ ಮಾಡುವ ಕೆಲಸ ಮೊದಲ ಎರಡು ಮೂರು ತಿಂಗಳಲ್ಲಿ ಆಗಬೇಕು.

ಕರು ಮೊಲೆ ಚೀಪಿದಾಗ ಗಂಟಲಿನ ಕೆಳಗೆ ಒಂದು ಮಡಿಕೆ ಮುಚ್ಚಿ ಕೊಳವೆಯಾಗುತ್ತದೆ. ಹಾಲು ರೂಮೆನ್ ದಾಟಿ ನೇರ ನಾಲ್ಕನೇ ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಹೆಪ್ಪುಗಟ್ಟಿ ನಿಧಾನವಾಗಿ ಜೀರ್ಣವಾಗುತ್ತದೆ. ಗೊಟ್ಟದಿಂದ ಸುರಿದಾಗ ಕರು ಚೀಪುವುದಿಲ್ಲ. ಮಡಿಕೆ ಸರಿಯಾಗಿ ಮುಚ್ಚುವುದಿಲ್ಲ. ಸುರಿದದ್ದು ರೂಮೆನ್ನಿಗೆ ಬಿದ್ದು ಕೊಳೆಯುತ್ತದೆ. ಸತ್ತ ಕರುವಿನಲ್ಲಿ ಕಂಡ ಹುಳಿ ಗಂಜಿ, ಮೊಸರು ಗಡ್ಡೆ ಅದೇ. ಗೊಟ್ಟದಲ್ಲಿ ಇನ್ನೊಂದು ಅಪಾಯವೂ ಇದೆ, ನೆತ್ತಿಗೆ ಹತ್ತಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ.

ಬೆಲ್ಲದ ವಿಷಯ ಕೇಳಿ ಆಯಿಗೆ ಬಹಳ ಬೇಜಾರಾಯಿತು. ಹಾಲಿನ ಸಕ್ಕರೆಯನ್ನು ಕರು ಚೆನ್ನಾಗಿ ಜೀರ್ಣಿಸುತ್ತದೆ. ಕಬ್ಬಿನ ಸಕ್ಕರೆ ಒಡೆಯುವ ಕಿಣ್ವ ದನದ ಕರುಳಿನಲ್ಲಿ ಇಲ್ಲವೇ ಇಲ್ಲ. ಬೆಲ್ಲ ಹಾಗೇ ಕರುಳಿನ ಕೊನೆಗೆ ಇಳಿದು, ನೀರು ಎಳೆದು, ಭೇದಿ ಮಾಡಿಸುತ್ತದೆ. ಮೊದಲ ವಾರಗಳಲ್ಲಿ ಜೋಳದ ಹಿಟ್ಟಿನ ಪಿಷ್ಟವೂ ಹೆಚ್ಚುಕಮ್ಮಿ ಹೀಗೇ. "ನಾ ಪ್ರೀತಿಲೆ ಹಾಕಿದ್ನೆಪಾ" ಎಂದರು ಆಯಿ. ನನಗೂ ಗಂಟಲು ಕಟ್ಟಿತು. ಅವರ ಕಾಲದಲ್ಲಿ ಈ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಇನ್ನು ಕುಚ್ಚು ಬೆಳೆಸುವುದು ಏನು? ಮೇವು ತಿನ್ನಿಸಿದರೆ ಹೊಟ್ಟೆ ಬೆಳೆಯುತ್ತದೆ ಅನ್ನೋದು ನಮ್ಮಲ್ಲಿ ಬಲವಾದ ನಂಬಿಕೆ. ಅದರಲ್ಲಿ ಅರ್ಧ ನಿಜ ಇದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾರ್ನರ್, ಲೂಸ್ಲಿ ಮತ್ತು ಜೊತೆಗಾರರು ಇದನ್ನೇ ಬಿಡಿಸಿ ನೋಡಿದರು. ಕರುಗಳ ರೂಮೆನ್ನಿಗೆ ಪ್ಲಾಸ್ಟಿಕ್ ಸ್ಪಂಜು ಹಾಕಿದಾಗ ಚೀಲ ದೊಡ್ಡದಾಯಿತು, ಕುಚ್ಚು ಬರಲಿಲ್ಲ. ಬ್ಯೂಟಿರೇಟ್, ಪ್ರೊಪಿಯೊನೇಟ್ ಎಂಬ ಆಮ್ಲಗಳ ಲವಣ ಹಾಕಿದಾಗ ಕುಚ್ಚು ಬೆಳೆಯಿತು. ಈ ಎರಡು ಆಮ್ಲಗಳು ಜಾಸ್ತಿ ಹುಟ್ಟುವುದು ಕಾಳು ಹುದುಗಿದಾಗ. ಒಣ ಮೇವು ಹುದುಗಿದರೆ ಮುಖ್ಯವಾಗಿ ಅಸಿಟೇಟ್ ಬರುತ್ತದೆ, ಅದಕ್ಕೆ ಕುಚ್ಚು ಬೆಳೆಸುವ ಬಲ ಕಡಿಮೆ. ಕಾಕಾನ ಕೊಟ್ಟಿಗೆಯಲ್ಲಿ ಸ್ಪಂಜಿನ ಕೆಲಸವನ್ನು ಕಣಿಕೆ ಮಾಡುತ್ತಿತ್ತು.

ಅದರ ಮೇಲೆ ಕಣಿಕೆಯಲ್ಲಿ ಪ್ರೋಟೀನ್ ನೂರಕ್ಕೆ ನಾಲ್ಕರ ಆಸುಪಾಸು. ರೂಮೆನ್ನಿನ ಸೂಕ್ಷ್ಮಜೀವಿಗಳು ಬದುಕಲಿಕ್ಕೇ ಏಳು ಬೇಕು. ಹಾಲಾದರೂ ಕೈ ಹಿಡಿಯಬೇಕಿತ್ತು. 30 ಕೆಜಿ ಕರುವಿಗೆ ದಿನಕ್ಕೆ ಎರಡು ಲೀಟರ್ ಹಾಲು ಜೀವ ಹಿಡಿದುಕೊಳ್ಳುವುದಕ್ಕೇ ಖರ್ಚಾಗುತ್ತದೆ. ಬೆಳೆಯಲು ಏನೂ ಉಳಿಯುವುದಿಲ್ಲ. ಚಳಿ ಬಂದರೆ ಅದೂ ಸಾಲದು. ಪುಣೆಯ ಡಿಸೆಂಬರ್ ರಾತ್ರಿ ಗೊತ್ತಲ್ವಾ, ಒಮ್ಮೊಮ್ಮೆ ಹತ್ತು ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ಎಳೆ ಕರು 15 ಡಿಗ್ರಿಗಿಂತ ಕೆಳಗೆ ಮೈ ಬಿಸಿ ಇಟ್ಟುಕೊಳ್ಳಲು ಆಹಾರ ಸುಡಲು ಶುರು ಮಾಡುತ್ತದೆ.

ಬದಲಾಯಿಸಿದ್ದು, ಮತ್ತು ನಾನು ತಪ್ಪಿದ್ದು

ಎದೆ ಸುತ್ತಳತೆಯ ಟೇಪಿನಿಂದ ನಾಲ್ಕೂ ಕರುಗಳ ತೂಕ ಅಂದಾಜು ಮಾಡಿದೆ. ನೂರು ದಿನದ್ದು 58 ಕೆಜಿ. ಎಪ್ಪತ್ತೈದು ದಿನದ್ದು 47. ನಲವತ್ತೈದು ದಿನದ ಹೋರಿಗರು 36. ಹನ್ನೆರಡು ದಿನದ ಎಳೆಯದು 30. ಇಂಥ ಕ್ರಾಸ್ ಕರು ಎರಡು ತಿಂಗಳಿಗೆ ಹುಟ್ಟಿದ ತೂಕದ ಎರಡರಷ್ಟಾಗಬೇಕು ಅನ್ನೋದು ನಾವು ಇಟ್ಟುಕೊಳ್ಳುವ ಗುರಿ. ಇಲ್ಲಿ ಎಪ್ಪತ್ತೈದು ದಿನಕ್ಕೂ ಅದು ಆಗಿರಲಿಲ್ಲ.

ಸಗಣಿ ಪರೀಕ್ಷೆಯಲ್ಲಿ ದೊಡ್ಡ ಮೂರಕ್ಕೂ ಜಂತುಹುಳದ ಮೊಟ್ಟೆ ಇತ್ತು. ಔಷಧಿ ಹಾಕಿದೆ. ಡೊಳ್ಳು ಹೊಟ್ಟೆಯಲ್ಲಿ ಹುಳದ ಪಾಲೂ ಇತ್ತು. ಹಾಗಾಗಿ ಮುಂದೆ ಹೇಳುವ ಬೆಳವಣಿಗೆ ಎಲ್ಲ ಆಹಾರದಿಂದಲೇ ಬಂತು ಎಂದು ನಾನು ಹೇಳುವುದಿಲ್ಲ.

ಗೊಟ್ಟ, ಗಂಜಿ, ಬೆಲ್ಲ ಅದೇ ದಿನ ನಿಂತವು. ಎಳೆಯದಕ್ಕೆ ನಿಪ್ಪಲ್ ಬಾಟಲಿಯಲ್ಲಿ ದಿನಕ್ಕೆ ಐದು ಲೀಟರ್ ಹಾಲು, ಹೋರಿಗೆ ನಾಲ್ಕು. ಮೈ ಬಿಸಿಗೆ ಕೆಳಗೆ ದಪ್ಪ ಹುಲ್ಲು, ರಾತ್ರಿ ಗೋಣಿ ಪರದೆ. ಹತ್ತಿಕಾಳಿನ ಹಿಂಡಿ ಬಂದ್. ಅದರಲ್ಲಿರುವ ಗಾಸಿಪಾಲ್ ಎಂಬ ವಿಷವನ್ನು ದೊಡ್ಡ ದನದ ರೂಮೆನ್ ತಡೆಯುತ್ತದೆ, ಎಳೆ ಕರುವಿಗೆ ಆ ಕಾಪು ಇಲ್ಲ. ಕಣಿಕೆ ತೆಗೆದು, ಎಲೆ ಜಾಸ್ತಿ ಇರುವ ಮೆತ್ತನೆ ಒಣ ಹುಲ್ಲನ್ನು ಸಣ್ಣಗೆ ಕತ್ತರಿಸಿ ಒಂದು ಹಿಡಿ ಮಾತ್ರ.

ಕರು ಆಹಾರವನ್ನು ಮನೆಯಲ್ಲೇ ಮಾಡಿಸಿದೆ. ಅಂಗಡಿಯಲ್ಲಿ ಕಾಕಾನಿಗೆ ಹಿಂದೊಮ್ಮೆ ಕರುವಿನದ್ದು ಅಂತ ಕೊಟ್ಟ ಚೀಲ ನೋಡಿದರೆ ದೊಡ್ಡ ದನದ ಆಹಾರವಾಗಿತ್ತು, ಯೂರಿಯಾ ಇದೆ ಎಂದು ಚೀಲದ ಮೇಲೇ ಬರೆದಿತ್ತು. ಎಳೆ ಕರುವಿಗೆ ಯೂರಿಯಾ ಸಲ್ಲದು. ನಾವು ನೂರು ಕೆಜಿಗೆ ಹಾಕಿದ್ದು: ಮೆಕ್ಕೆಜೋಳದ ದಪ್ಪ ನುಚ್ಚು 50, ಸೋಯಾ ಹಿಂಡಿ 28, ಗೋಧಿ ಬೂಸಾ 19, ಖನಿಜ ಮಿಶ್ರಣ 2, ಉಪ್ಪು 1. ಪ್ರೋಟೀನ್ ನೂರಕ್ಕೆ ಇಪ್ಪತ್ತರ ಹತ್ತಿರ ಬರುತ್ತದೆ. ಶೇಂಗಾ ಹಿಂಡಿ ಅಗ್ಗ ಸಿಗುತ್ತಿತ್ತು, ಬೂಷ್ಟು ಹಿಡಿದಿರಬಹುದು ಎಂಬ ಭಯಕ್ಕೆ ಬೇಡ ಎಂದೆ. ಗಿರಣಿಯಲ್ಲಿ ನುಚ್ಚು ಒಡೆಸಿ ಅಂದಿದ್ದಕ್ಕೆ ಮೊದಲ ಸಲ ಹಿಟ್ಟೇ ಮಾಡಿ ತಂದರು. ಕರುಗಳ ಮೂಗಿಗೆ ಮೆತ್ತಿಕೊಂಡಿತು, ತಿನ್ನಲಿಲ್ಲ. ಹಿಟ್ಟು ತಿಂದರೂ ಒಳ್ಳೆಯದಲ್ಲ, ಬೇಗ ಹುಳಿಯಾಗಿ ಕುಚ್ಚುಗಳು ಒಂದಕ್ಕೊಂದು ಅಂಟಿ ದಡ್ಡುಗಟ್ಟುತ್ತವೆ. ಮತ್ತೆ ಒಡೆಸಿದೆವು.

ಹದಿನೈದು ದಿನ ಬಿಟ್ಟು ಟೇಪ್ ಹಿಡಿದು ಹೋದೆ. ಎಳೆಯದು ಚುರುಕಾಗಿತ್ತು. ಆದರೆ ದೊಡ್ಡ ಎರಡು ಕರುಗಳು ಮೂರು ನಾಲ್ಕು ಕೆಜಿ ಏರಿದ್ದವು, ಅಷ್ಟೇ. ತಟ್ಟೆಯಲ್ಲಿ ನುಚ್ಚು ಅರ್ಧ ಹಾಗೇ ಇತ್ತು. ವೈನಿ ನನ್ನ ಮುಖ ನೋಡಿದರು. ನಾನು ಸುಮ್ನೆ ಕೊಟ್ಟಿಗೆಯಲ್ಲಿ ಒಂದು ತಾಸು ಕೂತೆ. ದೊಡ್ಡ ಕರು ನಾಲ್ಕು ಬಾಯಿ ನುಚ್ಚು ತಿಂದು, ನಾಲಿಗೆ ಹೊರಚಾಚಿ, ಹಗ್ಗ ಎಳೆದು ಪಕ್ಕದ ಆಕಳ ಬಾನಿಯ ಕಡೆ ಕತ್ತು ಚಾಚಿತು. ತಲುಪಲಿಲ್ಲ. ತಿರುಗಿ ಬಂದು ಒದ್ದೆ ನೆಲ ನೆಕ್ಕಿತು.

ನೀರಿಡಿ ಎಂದು ನಾನು ಹೇಳಿದ್ದೆ. ಹಾಲು ಕುಡಿದ ಕೂಡಲೇ ಇಡಬಾರದು ಎಂದೂ ಹೇಳಿದ್ದೆ. ಅವರು ಎರಡನ್ನೂ ಕೂಡಿಸಿ ಮಧ್ಯಾಹ್ನ ಒಂದು ಸಲ ತೋರಿಸಿ ತೆಗೆಯುತ್ತಿದ್ದರು. ನಾನು ಸರಿಯಾಗಿ ಹೇಳದ ತಪ್ಪು ಅದು. ಹಾಲು ನಾಲ್ಕನೇ ಹೊಟ್ಟೆಗೆ ಹೋಗುತ್ತದೆ, ರೂಮೆನ್ನಿಗೆ ನೀರು ಸಿಗುವುದು ಬಾನಿಯಿಂದಲೇ. ನೀರಿಲ್ಲದ ರೂಮೆನ್ನಿನಲ್ಲಿ ಹುದುಗುವುದು ನಡೆಯುವುದಿಲ್ಲ. 1984ರಲ್ಲಿ ಪ್ರಕಟವಾದ ಕರ್ಟ್ಜ್ ಅವರ ಪ್ರಯೋಗದಲ್ಲಿ ಬೇರೆ ನೀರು ಸಿಗದ ಕರುಗಳು ಕರು ಆಹಾರವನ್ನು 31 ಪ್ರತಿಶತ ಕಡಿಮೆ ತಿಂದವು, ತೂಕದ ಏರಿಕೆ 38 ಪ್ರತಿಶತ ಕಡಿಮೆಯಾಯಿತು. ಓದಿದ್ದು ನನಗೆ ನೆನಪಿತ್ತು, ಹೇಳುವಾಗ ಒತ್ತಿ ಹೇಳಿರಲಿಲ್ಲ.

ಅವತ್ತೇ ನಾಲ್ಕು ಬಕೆಟ್ ತಂದು ಗೂಟಕ್ಕೆ ಕಟ್ಟಿದೆವು. ದಿನವಿಡೀ ನೀರು. ದೊಡ್ಡ ಕರು ಮೊದಲ ಸಲ ತಲೆ ಎತ್ತದೆ ಕುಡಿಯಿತು. ವಾರದೊಳಗೆ ತಟ್ಟೆ ಖಾಲಿಯಾಗತೊಡಗಿತು.

ಅರವತ್ತು ದಿನದ ಮೇಲೆ

ಜನವರಿ ಮೂರನೇ ವಾರದ ತೂಕ: 58 ಇದ್ದದ್ದು 91 ಕೆಜಿ. 47 ಇದ್ದದ್ದು 77. ಹೋರಿಗರು 36ರಿಂದ 67. ಎಳೆಯದು 30ರಿಂದ 63, ಅದಕ್ಕೆ ಆಗ ಎಪ್ಪತ್ತೆರಡು ದಿನ. ದಿನಕ್ಕೆ ಅರ್ಧ ಕೆಜಿ, ಸ್ವಲ್ಪ ಮೇಲೆ. ಟೇಪಿನ ಅಳತೆಯಲ್ಲಿ ಎರಡು ಮೂರು ಕೆಜಿ ಆಚೀಚೆ ಆಗಬಹುದು. ಆದರೆ ಬೆನ್ನಿನ ಗಂಟು ಮುಚ್ಚಿದ್ದು ಕಣ್ಣಿಗೇ ಕಾಣುತ್ತಿತ್ತು.

ಹಾಲು ಯಾವಾಗ ಬಿಡಿಸಬೇಕು ಎಂಬುದಕ್ಕೆ ಕಾಕಾ ತಾರೀಖು ಕೇಳಿದರು. ತಾರೀಖು ಬೇಡ, ತಟ್ಟೆ ನೋಡಿ ಎಂದೆ. ಮೂರು ದಿನ ಸತತ ಒಂದು ಕೆಜಿ ನುಚ್ಚು ತಿಂದರೆ ರೂಮೆನ್ ಕೆಲಸ ಶುರು ಮಾಡಿದೆ ಎಂದರ್ಥ. ಆಗಲೂ ಒಮ್ಮೆಲೇ ಅಲ್ಲ, ಒಂದು ಹೊತ್ತಿನ ಹಾಲು ಕಡಿಮೆ ಮಾಡುತ್ತಾ ಹತ್ತು ದಿನದಲ್ಲಿ ಬಿಡಿಸುವುದು. "ಹಾಲು ಕಮ್ಮಿ ಕುಡಿಸಿದ್ರ ಲಗೂನ ಮೇವು ಹಿಡೀತಾವ" ಎಂಬ ಅವರ ಹಳೆಯ ಮಾತಿಗೆ ಜಾಗ ಇರುವುದು ಇಲ್ಲಿ. ಹೊಟ್ಟೆ ತುಂಬ ಹಾಲು ಕುಡಿದ ಕರು ನುಚ್ಚಿಗೆ ಬಾಯಿ ಹಾಕುವುದು ನಿಧಾನ, ನಿಜ. ಆರನೇ ವಾರದ ನಂತರ ಹಾಲು ಇಳಿಸಿದರೆ ನುಚ್ಚು ಏರುತ್ತದೆ. ಮೊದಲ ವಾರದಲ್ಲೇ ಇಳಿಸಿದರೆ ಕರು ಇಳಿಯುತ್ತದೆ.

ಗಂಡು ಕರುವಿಗೂ ಇಷ್ಟೇ ಹಾಕಬೇಕಾ ಎಂದು ವೈನಿ ಕೇಳಿದರು. ಇರುವಷ್ಟು ದಿನ ಇಷ್ಟೇ ಹಾಕಿ ಎಂದೆ. ಹಾಕಿದರು.

ಖರ್ಚಿನ ಮಾತು ಕಾಕಾನೇ ಎತ್ತಿದರು. ಒಂದು ಕರುವಿಗೆ ಎರಡು ತಿಂಗಳಲ್ಲಿ ಮೂರು ಲೀಟರಿನಂತೆ 180 ಲೀಟರ್ ಹಾಲು ಜಾಸ್ತಿ. ಅವರಿಗೆ ಸಿಗುವ 30 ರೂಪಾಯಿ ದರದಲ್ಲಿ 5,400. ನುಚ್ಚಿಗೆ ಸುಮಾರು ಎರಡು ಸಾವಿರ. ಕೈಯಿಂದ ಹೋಗುವ ದುಡ್ಡು ಇದು, ನಾನು ಸಣ್ಣದು ಅನ್ನುವುದಿಲ್ಲ. ಇನ್ನೊಂದು ಕಡೆಯ ಲೆಕ್ಕವನ್ನೂ ಅವರೇ ಹಾಕಿದರು. ಅವರ ಮಣಕಗಳು ಮೂರು ವರ್ಷ ದಾಟಿ ಈಯುತ್ತವೆ. ಈಯದ ಮಣಕ ದಿನಕ್ಕೆ ನೂರು ರೂಪಾಯಿಯ ಮೇವು ತಿನ್ನುತ್ತದೆ. ಆರು ತಿಂಗಳು ಮುಂಚೆ ಈದರೆ ಹದಿನೆಂಟು ಸಾವಿರ ಉಳಿಯಿತು. ಹಾಲಿನ ಲೆಕ್ಕ ಬೇರೆ. ಕಾರ್ನೆಲ್‌ನ ಸೊಬೆರಾನ್, ವ್ಯಾನ್ ಆಂಬರ್ಗ್ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಲು ಬಿಡಿಸುವ ಮುಂಚೆ ದಿನಕ್ಕೆ ಒಂದು ಕೆಜಿ ಹೆಚ್ಚು ಬೆಳೆದದ್ದಕ್ಕೆ ಮೊದಲ ಸಲ ಈದ ಮೇಲಿನ ಹಾಲಿನ ಅವಧಿಯಲ್ಲಿ 850 ಕೆಜಿ ಹಾಲು ಹೆಚ್ಚು ಬಂದಿತ್ತು. ಅಲ್ಲಿನ ಹಿಂಡು ಬೇರೆ, ನಮ್ಮ ಆಕಳು ಬೇರೆ. ಅಷ್ಟೇ ಬರುತ್ತದೆ ಎಂದು ಕಾಕಾನಿಗೆ ನಾನು ಭರವಸೆ ಕೊಡಲಿಲ್ಲ.

ಆ ಸಂಜೆ ಹೊರಡುವಾಗ ಎಳೆಯ ಕರು ಹುಲ್ಲಿನ ಮೇಲೆ ಕಾಲು ಮಡಚಿ ಮಲಗಿತ್ತು. ಕಣ್ಣು ಅರ್ಧ ಮುಚ್ಚಿ, ದವಡೆ ಆ ಕಡೆ ಈ ಕಡೆ ಆಡಿಸುತ್ತಾ ಮೆಲುಕು ಹಾಕುತ್ತಿತ್ತು. ಆಯಿಯ ಕೈ ಹಿಡಿದು ಅದರ ಎಡ ಪಕ್ಕೆಯ ಹಿಂದಿನ ಗುಳಿಯಲ್ಲಿ ಒತ್ತಿ ಇಡಿಸಿದೆ. ಒಂದು ನಿಮಿಷ ಕಾದೆವು. ಒಳಗಿನಿಂದ ಅಲೆ ಬಂದಂತೆ ರೂಮೆನ್ ಕೈಯನ್ನು ಮೇಲೆ ತಳ್ಳಿ ಇಳಿಯಿತು. "ಹೂಂ, ಗುಡುಗತೈತಿ" ಎಂದು ಆಯಿ ಕೈ ತೆಗೆಯಲಿಲ್ಲ.

ಕಾಕಾನ ಎಂಟನೇ ನಂಬರಿನ ಆಕಳು ಫೆಬ್ರವರಿಯಲ್ಲಿ ಈಯುತ್ತದೆ. ವೈನಿ ಈಗಲೇ ಒಂದು ನಿಪ್ಪಲ್ ಬಾಟಲಿ ತೊಳೆದು ಗೂಟಕ್ಕೆ ನೇತು ಹಾಕಿದ್ದಾರೆ. ಹುಟ್ಟಿದ ಎರಡು ತಾಸಿನೊಳಗೆ ಮೂರು ಲೀಟರ್ ಗಿಣ್ಣ, ಮೊದಲು ಕರುವಿಗೆ. ಖರ್ವಸಕ್ಕೆ ಕೇಳಿದ ಪಕ್ಕದ ಮನೆಯವರಿಗೆ ಮೂರನೇ ದಿನ ಬನ್ನಿ ಎಂದು ಆಗಲೇ ಹೇಳಿ ಇಟ್ಟಿದ್ದಾರೆ.